ಎರಿ ಭೂಮ್ಯಾಗ ಕಟ್ಟಿದ ಮನಿ, ಗ್ವಾಡಿ ಸೀಳ್ಲತ್ಯದ. ಪುಟ್ಟಿ ಹೊಡಸ್ಲೋ ಬ್ಯಾಡೋ?

ಸೇಡಂರೋಡ್_ಮನಿ (ಮಾರ್ಚ್ 21)

ಎಲ್ಲಾರಿಗೂ ನಮಸ್ಕಾರ್ರಿ. ಜರಾ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ, ತೆಲಿ ಕೆಟ್ಟು ಬರೀಲತ್ತೀನಿ. ಕಲಬುರಗಿ ಸೇಡಂ ರೋಡ್ ಕಡಿ, ರಿಂಗ್ ರೋಡ್ ದಾಟಿ ಒಂದು ಲೇಔಟ್‌ದಾಗ ಮನಿ ಕಟ್ಟಿಸಿ ಮೂರು ವರ್ಷ ಆಯ್ತು. ಮೂವತ್ತು-ನಲವತ್ತರ ಪ್ಲಾಟು, ಕೆಳಗ ನಾವು, ಮ್ಯಾಲ ಒಂದು ಖೋಲಿ ಅಷ್ಟೆ. ನಮಗಿಂತ ಪೈಲೇ ಇಲ್ಲಿ ತೊಗರಿ ಬೆಳೀತಿದ್ರು, ಈಗೂ ಹಿಂದಿನ ಕಂಪೌಂಡ್ ಹಣಿಕಿ ಹಾಕಿದ್ರ ತೊಗರಿ ಹೊಲಾನೇ ಕಾಣಸ್ತದ. ಎರಿ (ಕಪ್ಪು) ಮಣ್ಣು ಅಂತ ಗೊತ್ತಿತ್ತು, ಆದ್ರ ಊರ ತುಂಬ ಎಲ್ಲಾರೂ ಕಟ್ಯಾರ, ನಮಗೇನಾಗ್ತದ ಅಂತ ಕಟ್ಟಿಸಿಬಿಟ್ವಿ.

ಮೊದಲನೇ ಬ್ಯಾಸಗಿಗಿ ಏನೂ ಇರ್ಲಿಲ್ಲ. ಎರಡನೇದಕ್ಕ ಅಡಗಿ ಮನಿ ಕಿಡಕಿ ಮೂಲಿಯಿಂದ ಒಂದು ಸಣ್ಣ ಗೆರಿ ಓರಿಯಾಗಿ ಕೆಳಗ ಇಳೀತು, ಕೂದಲ ಎಳಿ ಹಂಗ. ಈ ಸಲ ಅದರಾಗ ಎಟಿಎಂ ಕಾರ್ಡ್ ತೂರ್ತದ. ಹೊರಗಿನ ಕಡಿನೂ ಅದೇ ಜಾಗಾದಾಗ ಕಾಣಸ್ತದ, ಅಂದ್ರ ಆರ್‌ಪಾರ್. ದೇವರ ಖೋಲಿ ಬಾಗಲ ಮುಚ್ಚಬೇಕಂದ್ರ ಮೊಣಕಾಲಿಲೆ ನೂಕಬೇಕು. ಪಾರ್ಕಿಂಗ್ ಟೈಲ್ಸ್ ನಡುವಿನಾಗ ತಾಟಿನಂಗ ಕುಂತಾವ, ಸ್ಕೂಟಿ ಸ್ಟ್ಯಾಂಡ್ ಹಾಕಿದ್ರ ವಾಲ್ತದ.

ಕಟ್ಟಿದ ಗುತ್ತೇದಾರಗ ಫೋನ್ ಮಾಡಿದ್ರ ನಗ್ತಾನ್ರಿ. "ಅದು ಗಿಲಾವ್ (ಪ್ಲಾಸ್ಟರ್) ಕ್ರ್ಯಾಕು ಸರ್, ಬಿಸಲಿಗಿ ಹಂಗೇ, ಪುಟ್ಟಿ ತುಂಬಿ ಬಣ್ಣ ಹೊಡಸ್ರಿ ಮುಗೀತು" ಅಂತಾನ. ಬಾಜೂ ಮನಿಯವರು ಚಿಂಚೋಳಿ ಕಡಿ ಭೂಮಿ ನಡಗ್ತದಲ್ಲ ಅದರಿಂದ ಅಂತಾರ. ನಮ್ಮ ಮಾವನವರು ವಾಸ್ತು ಅಂತಾರ, ಅಡಗಿ ಮನಿ ಜಾಗಾನೇ ಬದಲ ಮಾಡು ಅಂತ ಹಟ ಹಿಡದಾರ. ನಾ ಯಾರ ಮಾತು ಕೇಳ್ಲಿ? ಯುಗಾದಿಗಿ ಬಣ್ಣ ಹೊಡಸಬೇಕಂತ ಮಾಡಿದ್ವಿ, ಅದೂ ನಿಂತದ.

ಗೌಂಡಿ_ಮಗ

ಅಣ್ಣಾ ಪುಟ್ಟಿ ಬ್ಯಾಡ. ಈಗ ತುಂಬಿದ್ರ ಮಳಿಗಾಲಕ್ಕ ಸೀಳು ಮುಚ್ಚಲಿಕ್ಕ ಜಾಗ ಇರಂಗಿಲ್ಲ, ಪುಟ್ಟಿನ ಹೊರಗ ನೂಕ್ತದ, ಪದರ ಪದರ ಉದರ್ತದ. ನಮ್ಮಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡ್ಯಾನ, ಎರಿ ಮ್ಯಾಲಿನ ಮನಿಗಿ ಬ್ಯಾಸಗ್ಯಾಗ ಪುಟ್ಟಿ ಹೊಡಿಯೋದಂದ್ರ ಬಿಕ್ಕಳಿಕಿ ಬಂದಾಗ ಬಾಯಿ ಕಟ್ಟಿದಂಗ ಅಂತಿದ್ದ.

ನಾಕು ಮಾತು ಹೇಳ್ರಿ ಮೊದಲ. ಒಂದು, ಪಾಯಾ ಎಷ್ಟು ಫೂಟ್ ತೋಡ್ಯಾರ, ಮೊರಂ (ಗಟ್ಟಿ ಹರಳು ಮಣ್ಣು) ಸಿಕ್ಕಿತ್ತೋ ಇಲ್ಲೋ. ಎರಡು, ಕಾಲಂ ಹಾಕ್ಯಾರೋ ಬರೀ ಗ್ವಾಡಿ ಮ್ಯಾಲ ನಿಂತದೋ. ಆ ಸೀಳು ಬಿಟ್ಟ ಮೂಲ್ಯಾಗ ಹೊರಗ ಏನದ? ನಳ, ಬಚ್ಚಲ ನೀರು, ಗಿಡ, ಸಂಪು? ಮತ್ತ ಪಾಯಾದಾಗಿನ ತೆಗದ ಮಣ್ಣು ಎಲ್ಲಿ ಹೋಯ್ತು, ಹೊರಗ ಹಾಕಿದ್ರೋ ಅದನ್ನೇ ಮನಿ ಒಳಗ ತುಂಬಿದ್ರೋ?

ಸೇಡಂರೋಡ್_ಮನಿ

ಕಾಲಂ ಅವ ಅಣ್ಣಾ, ಒಂಬತ್ತು. ಪಾಯಾ ಐದು ಫೂಟ್ ಅಂತ ಅಗ್ರಿಮೆಂಟ್‌ದಾಗ ಅದ, ನಾ ನೋಡಿದಾಗ ಐದು ಇರ್ಲಿಲ್ಲ ಅನಸ್ತದ, ಆಗ ನಾ ಡ್ಯೂಟಿ ಮ್ಯಾಲ ಯಾದಗಿರಿಗಿ ಓಡಾಡ್ತಿದ್ದೆ, ವಾರಕ್ಕೊಮ್ಮಿ ಬರ್ತಿದ್ದೆ. ಮೊರಂ ಸಿಕ್ಕಿತ್ತೋ ಇಲ್ಲೋ ಗೊತ್ತಿಲ್ಲ, ಕರ್ರಗೇ ಇತ್ತು. ತೆಗದ ಮಣ್ಣು... ಈಗ ನೀವು ಕೇಳಿದ ಮ್ಯಾಲ ನೆನಪಾಗ್ಲತ್ಯದ, ಹೊರಗ ಒಂದು ಟ್ರ್ಯಾಕ್ಟರ್ ಹೋಗಿದ್ದೂ ನಾ ನೋಡಿಲ್ಲ.

ನಿವೃತ್ತ_ಜೆಇ

ಕೊನೀ ಸಾಲೇ ಎಲ್ಲಾ ಹೇಳಿಬಿಡ್ತು ನೋಡ್ರಿ ತಮ್ಮಾ. ಪಾರ್ಕಿಂಗ್ ಯಾಕ ಕುಂತದ ಅನ್ನೋದಕ್ಕ ಅದೇ ಉತ್ತರ. ತೋಡಿದ ಎರಿ ಮಣ್ಣನ್ನೇ ನೆಲದ ಕೆಳಗ ತುಂಬಿ, ಮ್ಯಾಲ ಒಂದು ಪದರ ಮೊರಂ ತೋರಸ್ಲಿಕ್ಕ ಚೆಲ್ಲಿ, ಟೈಲ್ಸ್ ಹಾಕ್ಯಾರ. ನಿಯತ್ತಿನ ಕೆಲಸ ಅಂದ್ರ ಮೊರಂ ತರಸಿ, ಆರೆಂಟು ಇಂಚಿಗೊಂದು ಪದರ ಹಾಕಿ, ನೀರ ಹೊಡದು, ಧಮ್ಮಸ್ ಮಾಡಿ (ಬಡದು ಗಟ್ಟಿ ಮಾಡಿ), ಮತ್ತ ಮುಂದಿನ ಪದರ. ಅದಕ್ಕ ಟಿಪ್ಪರ್ ಖರ್ಚು ಬರ್ತದ, ದಿನಾ ಹೋಗ್ತಾವ, ಯಾರಿಗಿ ಬೇಕಾಗ್ಯದ. ಆದ್ರ ಚಿಂತಿ ಮಾಡಬ್ಯಾಡ್ರಿ, ನೆಲ ಕುಂತಿದ್ದು ಬ್ಯಾರೆ, ಗ್ವಾಡಿ ಸೀಳಿದ್ದು ಬ್ಯಾರೆ. ನೆಲದಿಂದ ಮನಿ ಬೀಳಂಗಿಲ್ಲ, ಅದನ್ನ ಯಾವಾಗ ಬೇಕಾದ್ರೂ ಕಿತ್ತು ಹಾಕಬಹುದು. ಗ್ವಾಡಿ ಬಗ್ಗೆ ಮಾತಾಡಮು.

ಈ ಮಣ್ಣಿನ ಗುಣ ಅರ್ಥ ಮಾಡ್ಕೊಂಡ್ರ ಅರ್ಧ ರೋಗ ಹೋಗ್ತದ. ನಮ್ಮ ಕಡಿ ಕರಿ ಕಲ್ಲು, ಅಂದ್ರ ಹಿಂದಕ ಜ್ವಾಲಾಮುಖಿ ಲಾವಾ ಹರದು ಆದ ಬಸಾಲ್ಟ್, ಅದು ಸವದು ಸವದು ಈ ಎರಿ ಆಗ್ಯದ. ಇದರಾಗ ಮಾಂಟ್‌ಮೊರಿಲೊನೈಟ್ ಅಂತ ಒಂದು ಜಿಗಟು ಇರ್ತದ, ಅದು ನೀರ ಕುಡದ್ರ ಉಬ್ತದ, ಒಣಗಿದ್ರ ಚಿಪ್ಪಾಡಿ ಹಂಗ ಕುಗ್ತದ. ಏಪ್ರಿಲ್‌ನಾಗ ಹೊಲದಾಗ ನಡದ್ರ ಬಿರಕಿನಾಗ ಮೊಣಕೈ ತನಕ ಕೈ ಹೋಗ್ತದಲ್ಲ, ಅದೇ ಹೊಲ ನಿಮ್ಮ ಮನಿ ಕೆಳಗೂ ಅದ. ನಿಮಗ ಕಾಣಸಂಗಿಲ್ಲ ಅಷ್ಟೆ. ಸಾಧಾರಣ ಮೂರೂವರಿ ಮೀಟರ್ ತನಕ ಈ ಉಬ್ಬೋದು ಕುಗ್ಗೋದು ನಡೀತದ, ಅದರ ಕೆಳಗ ಮಳಿ ಬಿಸಲ ಗೊತ್ತಾಗಂಗಿಲ್ಲ. ಅದಕ್ಕೇ ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ದವರು ಎರಿ ಭೂಮಿಗಂತಲೇ ಅಂಡರ್ ರೀಮ್ಡ್ ಪೈಲ್ ಅಂತ ತಂದ್ರು, ಕೆಳಗ ಗಂಟಿ ಹಂಗ ಅಗಲ ಮಾಡಿದ ಕಂಬ, ಆ ಕುಣಿಯೋ ಪದರ ದಾಟಿ ಇಳಸ್ತಾರ. ನಿಮ್ಮ ಐದು ಫೂಟ್ ಪಾಯಾ ಆ ಕುಣಿಯೋ ಪದರದ ನಟ್ಟ ನಡುವ ನಿಂತದ.

ಈಗ ಮುಖ್ಯ ಮಾತು. ಮನಿ ಪೂರಾ ಒಂದೇ ಸಮ ಮ್ಯಾಲ ಎದ್ದು ಒಂದೇ ಸಮ ಕೆಳಗ ಕುಂತ್ರ ಏನೂ ಸೀಳಂಗಿಲ್ಲ, ನಿಮಗ ಗೊತ್ತೂ ಆಗಂಗಿಲ್ಲ. ಸೀಳೋದು ಯಾವಾಗಂದ್ರ ಒಂದು ಮೂಲಿ ತೊಯ್ದು ಉಳದ ಮೂರು ಮೂಲಿ ಒಣಗಿದಾಗ. ಅದಕ್ಕ ಸೀಳು ಹುಡುಕೋದು ಬಿಟ್ಟು ನೀರ ಹುಡಕ್ರಿ. ಕಿಡಕಿ ಮೂಲಿಯಿಂದ ಓರಿ ಇಳದದ ಅಂದ್ರ ಆ ಗ್ವಾಡಿ ಎರಡು ತುದಿ ಎರಡು ಎತ್ತರದಾಗ ಅವ. ಗಿಲಾವ್ ಕ್ರ್ಯಾಕ್ ಹಂಗಿರಂಗಿಲ್ಲ, ಅದು ಆಮಿ ಬೆನ್ನಿನ ಹಂಗ ಜಾಳಗಿ ಜಾಳಗಿ ಇರ್ತದ, ಆರ್‌ಪಾರ್ ಹೋಗಂಗಿಲ್ಲ. ಛತ್ತಿನ ಕೆಳಗ ಉದ್ದಕ ಅಡ್ಡ ಗೆರಿ ಬಂದಿದ್ರ ಅದು ಬಿಸಲಿಗಿ ಸ್ಲ್ಯಾಬ್ ಹಿಗ್ಗಿದ್ದು. ಕಾಲಂ ಇಟ್ಟಂಗಿ ಕೂಡೋ ಜಾಗಾದಾಗ ನೆಟ್ಟಗ ಗೆರಿ ಬಂದಿದ್ರ ಅಲ್ಲಿ ಕೋಳಿ ಜಾಳಗಿ (ತಂತಿ ಬಲಿ) ಹಾಕದೇ ಗಿಲಾವ್ ಮಾಡ್ಯಾರ ಅಂತ ಅರ್ಥ. ನಿಮ್ಮದು ಮೂರೂ ಅಲ್ಲ.

ಭೂಕಂಪದ್ದೂ ಅಲ್ಲ ಬಿಡ್ರಿ. 2021ರ ಅಕ್ಟೋಬರ್‌ನಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವರ ಕಡಿ ನಡಗಿದ್ದು ಖರೆ, ಮಂದಿ ರಾತ್ರಿ ಹೊರಗ ಮಲಗಿದ್ದೂ ಖರೆ. ಆದ್ರ ನಡಕ ಬಂದು ಸೀಳಿದ್ರ ಅವತ್ತೇ ಸೀಳ್ತಿತ್ತು, ಹೀಂಗ ಬ್ಯಾಸಗಿಗಿ ತೆರದು ಮಳಿಗಾಲಕ್ಕ ಮುಚ್ಚಂಗಿಲ್ಲ. 1993ರ ಸೆಪ್ಟೆಂಬರ್ 30ಕ್ಕ ಕಿಲ್ಲಾರಿ ಭೂಕಂಪ ಆದಾಗ ನಾ ಆಳಂದದಾಗಿದ್ದೆ, ಗಣಪತಿ ಕಳಿಸಿ ಬಂದು ಮಲಗಿದ್ವಿ, ನಸುಕಿನಾಗ ಪಲ್ಲಂಗ ತೊಟ್ಟಲ ಆಗಿತ್ತು. ಆ ಸೀಳು ಹ್ಯಾಂಗಿರ್ತಾವ ನಾ ನೋಡೀನಿ.

ಸದ್ಯಕ್ಕ ಮಾಡೋದು ಇಷ್ಟು: ಸೀಳಿನ ಎರಡು ತುದಿಗಿ ಪೆನ್ಸಿಲ್‌ಲೆ ಅಡ್ಡ ಗೆರಿ ಹೊಡದು ತಾರೀಖ್ ಬರೀರಿ. ನಡುವ ಒಂದು ಗಾಜಿನ ಪಟ್ಟಿ, ಫೋಟೋ ಫ್ರೇಮಿನ ಮುರದ ಗಾಜಾದ್ರೂ ನಡೀತದ, ಸೀಳಿನ ಮ್ಯಾಲ ಅಡ್ಡಲಾಗಿ ಎರಡೂ ತುದಿಗಿ ಸಿಮೆಂಟ್‌ಲೆ ಅಂಟಸ್ರಿ. ಗಾಜು ಒಡದ್ರ ಗ್ವಾಡಿ ಇನ್ನೂ ಸರೀಲತ್ಯದ ಅಂತ. ಎಟಿಎಂ ಕಾರ್ಡ್ ದಪ್ಪ ಮುಕ್ಕಾಲು ಮಿಲಿಮೀಟರ್ ಅಷ್ಟೆ, ಅದಕ್ಕ ಹೆದರಬ್ಯಾಡ್ರಿ. ಐದು ಮಿಲಿಮೀಟರ್ ಕಡಿ ಹೊಂಟ್ರ, ಇಲ್ಲಾ ಕಾಲಂ ಬೀಮಿನಾಗ ಗೆರಿ ಕಂಡ್ರ, ಅವತ್ತೇ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೀರಿ, ನಮ್ಮಂಥ ರಿಟೈರ್ ಮಂದೀನ ಅಲ್ಲ.

ಮೈಸೂರಿಂದ_ಬಂದವ

ಸಾರ್, ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು ಟ್ರಾನ್ಸ್‌ಫರ್ ಆಗಿ ಬಂದು ಎರಡು ವರ್ಷ ಆಯ್ತು, ಇಲ್ಲೇ ರೆಡಿ ಮನೆ ತಗೊಳ್ಳೋಣ ಅಂತ ಹುಡುಕ್ತಿದೀನಿ. ನಮ್ ಕಡೆ ಕೆಂಪು ಮಣ್ಣು, ಇದೆಲ್ಲಾ ಗೊತ್ತೇ ಇರ್ಲಿಲ್ಲ. ಮನೆ ನೋಡಕ್ಕೆ ಯಾವ ತಿಂಗಳು ಒಳ್ಳೇದು?

ಗೌಂಡಿ_ಮಗ

ಮೇ ತಿಂಗಳಾಗ ನೋಡ್ರಿ ಸರ್. ದಲಾಲಿಗಳು ಶ್ರಾವಣದಾಗ ತೋರಸ್ತಾರ, ಆವಾಗ ಮಣ್ಣು ಉಬ್ಬಿರ್ತದ, ಎಲ್ಲಾ ಸೀಳು ಮುಚ್ಚಿ ಗ್ವಾಡಿ ಮದಲಿಂಗನಂಗ ಇರ್ತಾವ. ಮತ್ತ ನಾಕೈದು ವರ್ಷದ ಹಳೀ ಮನಿಗಿ ಒಂದೇ ಖೋಲ್ಯಾಗ ಹೊಸ ಪುಟ್ಟಿ, ಒಂದೇ ಗ್ವಾಡಿಗಿ ಹೊಸ ವಾಲ್‌ಪೇಪರ್ ಕಂಡ್ರ ಅಲ್ಲೇ ನಿಂತು ಉಗುರಿಲೆ ಕೆರದು ನೋಡ್ರಿ. ಎಲ್ಲಾ ಬಾಗಲ ಒಂದೊಂದೇ ಹಾಕಿ ತೆಗೀರಿ. ಕೆಳಗ ಬಾಗಲ ರಂದಾ ಹೊಡದಿದ್ದು ಕಂಡ್ರ, ಅಂದ್ರ ಕಟಗಿ ಹಸೀದು ಕಾಣಸಿದ್ರ, ಚೌಕಟ್ಟು ಓರಿ ಆಗ್ಯದ ಅಂತ ತಿಳೀರಿ.

ಬೀದರ್_ಬಿಸಲ

ನಮ್ಮ ಬೀದರ್ ಊರಾಗ ಈ ತ್ರಾಸಿಲ್ಲ ಭಾಯ್. ಜಂಬಿಟ್ಟಿ ನೆಲ, ಕೆಂಪ ಕಲ್ಲು, ನೀರ ಕುಡೀತದ ಆದ್ರ ಉಬ್ಬಂಗಿಲ್ಲ. ಅದೇ ಕಲ್ಲು ಕೊರದೇ ನೌಬಾದ್ ಕಡಿ ಕರೇಜ್ ಅಂತ ಹಳೀ ನೀರಿನ ಸುರಂಗ ಮಾಡ್ಯಾರ, ಇನ್ನೂ ನಿಂತದ. ಆದ್ರ ನಮ್ಮ ಅತ್ತಿ ಮನಿ ಭಾಲ್ಕಿ ಕಡಿ, ಅಲ್ಲಿ ಪೂರಾ ಎರಿ, ಔರಾದ್ ಕಡಿನೂ ಹಂಗೇ. ಅವರ ಹಳೀ ಮನಿಗಿ ಏನೂ ಆಗಿಲ್ಲ, ಬಾಜೂಕ ಕಟ್ಟಿದ ಹೊಸ ಆರ್‌ಸಿಸಿ ಮನಿ ಸೀಳ್ಯದ. ಇದ್ಯಾಕ ಹೇಳ್ರಿ ಜೆಇ ಸಾಹೇಬ್ರ?

ನಿವೃತ್ತ_ಜೆಇ

ಹಳೀ ಮನಿ ಸೀಳಿಲ್ಲ ಅಂತಲ್ಲ, ಸೀಳಿದ್ದು ನಿಮಗ ಕಂಡಿಲ್ಲ. ಮಣ್ಣು ಸುಣ್ಣದ ಗಾರಿ ಮೆತ್ತಗಿರ್ತದ, ಗ್ವಾಡಿ ಎರಡು ಫೂಟ್ ದಪ್ಪ, ನೂರು ಕಡಿ ಕೂದಲಷ್ಟು ಸೀಳಿ ತಾನೇ ಹೊಂದ್ಕೋತದ, ವರ್ಷಾ ದೀಪಾವಳಿಗಿ ಸಾರಸಿ ಸುಣ್ಣ ಹಚ್ಚಿದ್ರ ಎಲ್ಲಾ ಮುಚ್ತದ. ಸಿಮೆಂಟ್ ಬಿಗೀ ಅದ, ತಡೀತದ ತಡೀತದ ಒಮ್ಮೆಲೇ ಒಂದೇ ಕಡಿ ಸೀಳ್ತದ. ಇನ್ನೊಂದು, ಹಿಂದಿನವರು ಮನಿ ಸುತ್ತ ಫರ್ಶಿ (ಹಾಸುಗಲ್ಲು) ಹಾಸ್ತಿದ್ರು, ನೀರ ಹೊರಗ ಓಡೋ ಹಂಗ ಓರಿ ಮಾಡಿ. ಅಂದಕ್ಕಲ್ಲ ಅದು. ಪಾಯಾ ಬುಡಕ್ಕ ನೀರೂ ಹೋಗಬಾರ್ದು, ಬಿಸಲೂ ಹೋಗಬಾರ್ದು ಅಂತ.

ರೊಟ್ಟಿ_ಬಡಿಯಾಕಿ

ಅಣ್ಣಾವ್ರ, ನಮ್ಮದು ಯಾದಗಿರಿ, ನಮ್ಮ ಮನ್ಯಾಗೂ ಇದೇ ಕತಿ ಆಗಿತ್ತು, ನಾ ಮಾಡಿದ ತಪ್ಪು ಹೇಳ್ತೀನಿ ನೀವು ಮಾಡಬ್ಯಾಡ್ರಿ. ಗ್ವಾಡಿಗಿ ಹತ್ತಿ ಒಂದು ಬೇವಿನ ಗಿಡ ಇತ್ತು, ಬೇರು ನೀರ ಹೀರಿ ಮಣ್ಣು ಒಣಗಸ್ತದ ಅಂತ ಯಾರೋ ಹೇಳಿದ್ರು, ಖರೇನೂ ಇತ್ತು, ಒಂದೇ ದಿನಕ್ಕ ಕಡಸಿ ಒಗದ್ವಿ. ಮುಂದಿನ ಮಳಿಗಾಲಕ್ಕ ಏನಾಯ್ತಂದ್ರ ಆ ಮೂಲಿ ಮ್ಯಾಲ ಎದ್ದುಬಿಡ್ತು! ಇಷ್ಟು ವರ್ಷ ಗಿಡ ಕುಡೀತಿದ್ದ ನೀರೆಲ್ಲಾ ಮಣ್ಣಾಗೇ ಉಳದು ಉಬ್ಬಿ, ಬಚ್ಚಲ ಮನಿ ಗ್ವಾಡಿ ಉಲ್ಟಾ ಕಡಿ ಸೀಳ್ತು. ಗಿಡ ಹೋಯ್ತು, ನೆಳ್ಳ ಹೋಯ್ತು, ಗ್ವಾಡಿನೂ ಹೋಯ್ತು. ದೊಡ್ಡ ಗಿಡ ಇದ್ರ ವರ್ಷಕ್ಕಿಷ್ಟು ಟೊಂಗಿ ಇಳಸ್ಕೋತ ಬರ್ರಿ, ಒಮ್ಮೆಲೇ ಕೈ ಹಚ್ಚಬ್ಯಾಡ್ರಿ. ಹೊಸದು ಹಚ್ಚೋರು ಮನಿಯಿಂದ ಗಿಡ ಎಷ್ಟು ಎತ್ತರ ಆಗ್ತದೋ ಅಷ್ಟು ದೂರ ಹಚ್ರಿ, ಮೂವತ್ತು-ನಲವತ್ತು ಪ್ಲಾಟಿನಾಗ ಅದೆಲ್ಲಿ ಆಗ್ತದ, ಕರಿಬೇವು ನುಗ್ಗಿ ಅಷ್ಟೆ ನಮ್ಮ ಹಣೇಬಾರ. ನುಗ್ಗಿನೂ ಕಂಪೌಂಡಿಗಿ ಹತ್ತಿ.

ಕಾಕಾ_ಶಹಾಬಾದ್

ಇಷ್ಟೆಲ್ಲಾ ಯಾಕ, ಬ್ಯಾಸಗ್ಯಾಗ ದಿನಾ ಸಂಜಿಗಿ ಮನಿ ಸುತ್ತ ನಾಕು ಕೊಡ ನೀರ ಹಾಕ್ರಿ, ಮಣ್ಣು ಒಣಗಂಗಿಲ್ಲ, ಸೀಳಂಗಿಲ್ಲ. ನಮ್ಮ ಬೀಗರು ಹಂಗೇ ಮಾಡ್ತಾರ. ನಮ್ಮ ಊರಾಗಂತೂ ಎರಡು ಫೂಟ್ ತೋಡಿದ್ರ ಫರ್ಶಿ ಬಡೀತದ, ಪಾಯಾನೇ ಬೇಕಾಗಿಲ್ಲ ಹಹ.

ನಿವೃತ್ತ_ಜೆಇ

ಕಾಕಾ, ನಾಕೂ ಕಡಿ ಸಮ, ದಿನಾ ತಪ್ಪದೇ ಹಾಕಿದ್ರ ನಡೀತದ. ಯಾರು ಹಾಕ್ತಾರ ಹೇಳ್ರಿ? ಬಾಗಲ ಮುಂದ ಹಾಕ್ತಾರ, ತುಳಸಿಗಿ ಹಾಕ್ತಾರ, ಹಿತ್ತಲಕ್ಕ ಹೋಗಂಗಿಲ್ಲ. ಒಂದೇ ಕಡಿ ತೊಯ್ಸೋದಕ್ಕಿಂತ ತೊಯ್ಸದೇ ಇರೋದು ಛಲೋ. ಮ್ಯಾಲ ಈಗ ನಳದ ನೀರು ಯಾವಾಗ ಬರ್ತದಂತ ಕಾಯೋ ಕಾಲದಾಗ ನೆಲಕ್ಕ ಎಲ್ಲಿಂದ ತರೋದು. ನಿಮ್ಮ ಫರ್ಶಿ ಮಾತ್ರ ಕಳಸ್ರಿ, ನಮಗ ಬೇಕು.

ಸೇಡಂರೋಡ್_ಮನಿ (ಏಪ್ರಿಲ್ 6)

ಎಲ್ಲಾರಿಗೂ ಮೊದಲ ಕೈ ಮುಗೀತೀನಿ. ಎರಡು ವಾರ ನೀರ ಹುಡುಕಿದೆ. ಸಿಕ್ತು. ನಗಬ್ಯಾಡ್ರಿ.

ಪೈಲೇ ಸಂಪು ನೋಡ್ದೆ. ರಾತ್ರಿ ಹತ್ತಕ್ಕ ವಾಲ್ ಬಂದ್ ಮಾಡಿ ನೀರಿನ ಮಟ್ಟಕ್ಕ ಸೀಮಿಸುಣ್ಣದಿಂದ ಗೆರಿ ಹಾಕಿ, ಮೋಟಾರ್ ಹಚ್ಚಬಾರ್ದಂತ ಸ್ವಿಚ್ಚಿಗಿ ಟೇಪ್ ಸುತ್ತಿ ಮಲಗಿದೆ, ಮುಂಜಾನಿ ಮಟ್ಟ ಅಲ್ಲೇ ಇತ್ತು, ಸಂಪು ಗಟ್ಟಿ ಅದ. ಬಚ್ಚಲ ನೀರು ಪೈಪಿನಾಗ ಗಟಾರಕ್ಕ ಹೋಗ್ತದ, ಅದೂ ಬರಾಬರ್. ಆಮ್ಯಾಲ ಒಂದಿನ ಮಧ್ಯಾಹ್ನ ಮೂರಕ್ಕ, ನಲವತ್ತೊಂದು ಡಿಗ್ರಿ ಬಿಸಲಿನಾಗ, ಹಿತ್ತಲಕ್ಕ ಹೋದೆ. ಮಣ್ಣೆಲ್ಲಾ ಬೂದಿ ಬಣ್ಣ ಆಗಿ ಒಡದದ, ಅಡಗಿ ಮನಿ ಮೂಲ್ಯಾಗ ಒಂದು ಚಾಪಿ ಅಷ್ಟು ಜಾಗ ಮಾತ್ರ ಕರ್ರಗ, ಮ್ಯಾಲ ಹಸರ ಹುಲ್ಲು, ಒಂದು ಕಪ್ಪಿ ಬ್ಯಾರೆ ಕುಂತಿತ್ತು. ಮ್ಯಾಲ ನೋಡಿದ್ರ ಕೂಲರ್! ಖೋಲಿಗಿ ಹಚ್ಚಿದ ಕೂಲರ್‌ದು ಟಾಕಿ ತುಂಬಿ ಹೊರಗ ಚೆಲ್ಲೋ ಪೈಪು, ಅದರ ಬಾಜೂಕ ಛತ್ತಿನ ಮ್ಯಾಲಿನ ಟ್ಯಾಂಕಿಂದು ಓವರ್‌ಫ್ಲೋ ಪೈಪು, ಎರಡೂ ಅದೇ ಮೂಲಿಗಿ ಬೀಳ್ತಾವ. ಮೋಟಾರ್ ಹಚ್ಚಿ ಮರೆಯೋದು ನಾನೇ, ಹೆಂಡ್ತಿ ವರ್ಷದಿಂದ ಬೈಲತ್ಯಾಳ. ಉಪ್ಪಿನ ನೀರು ಅಂತ ಕೂಲರ್ ವಾರಕ್ಕೆರಡು ಸಲ ಖಾಲಿ ಮಾಡ್ತೀವಿ, ಅದೂ ಅಲ್ಲೇ. ಅಂದ್ರ ಪೂರಾ ಬ್ಯಾಸಗಿ ಮೂರು ಮೂಲಿ ಸುಡ್ಲತ್ಯಾವ, ಒಂದು ಮೂಲಿ ಕೂಲರ್ ಹವಾ ತಿಂತದ.

ಎರಡೂ ಪೈಪಿಗಿ ಉದ್ದ ಜೋಡಿಸಿ ಗಟಾರಕ್ಕ ಬಿಟ್ಟೀನಿ. ಟ್ಯಾಂಕಿಗಿ ಫ್ಲೋಟ್ ಸ್ವಿಚ್ ಹಚ್ಚಿಸೀನಿ. ಗಾಜಿನ ಪಟ್ಟಿ ಅಂಟಸಿ ಎಂಟು ದಿನಕ್ಕ ಒಡೀತು, ಫೋಟೋ ಹಾಕ್ಲಿಕ್ಕ ಬರ್ಲಿಲ್ಲ. ಈಗೇನು ಮಾಡ್ಲಿ?

ಇನ್ನೊಂದು ಕೇಳಬೇಕಿತ್ತು, ಆ ಗುತ್ತೇದಾರನ ಮ್ಯಾಲ ರೇರಾದಾಗ (ಬಿಲ್ಡರ್‌ಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಪ್ರಾಧಿಕಾರ) ಕೇಸ್ ಹಾಕ್ಲಿಕ್ಕ ಬರ್ತದೇನು? ಐದು ವರ್ಷ ಗ್ಯಾರಂಟಿ ಇರ್ತದಂತಲ್ಲ.

ಜೇವರ್ಗಿ_ಕ್ರಾಸ್

ಕಪ್ಪಿಗಿ ಒಂದು ಮನಿ ಹೋಯ್ತು ಪಾಪ. ರೇರಾ ನಿಮಗ ಬರಂಗಿಲ್ಲ ಬ್ರದರ್. ಆ ಐದು ವರ್ಷ ಬಿಲ್ಡರ್ ಕಟ್ಟಿ ಮಾರಿದ್ದಕ್ಕ, ರೇರಾದಾಗ ರಿಜಿಸ್ಟರ್ ಆದ ಪ್ರಾಜೆಕ್ಟಿಗಿ. ನಿಮ್ಮ ಪ್ಲಾಟಿನಾಗ ನೀವೇ ಗುತ್ತಿಗಿ ಕೊಟ್ಟು ಕಟ್ಟಿಸಿದ್ದು, ಅದಕ್ಕ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕು, 50 ಲಕ್ಷದ ತನಕ ಅಲ್ಲೇ ಕೇಳ್ತಾರ. ಎರಡು ವರ್ಷದೊಳಗ ಹಾಕಬೇಕು ಅನ್ನೋ ಲೆಕ್ಕ ಅದ, ಸೀಳು ಯಾವಾಗ ಕಂಡ್ತು ಅನ್ನೋದರ ಮ್ಯಾಲ ವಕೀಲರು ಜಗ್ಗಾಡ್ತಾರ, ಅದಕ್ಕ ತಾರೀಖಿನ ಫೋಟೋ ಈಗೇ ತೆಗದಿಡ್ರಿ. ಅಗ್ರಿಮೆಂಟ್‌ದಾಗ ಐದು ಫೂಟ್ ಅಂತ ಬರದದಲ್ಲ, ಒಂದು ಕಡಿ ಪಾಯಾ ಬುಡ ತೋಡಸಿ ಅಳತಿ ಪಟ್ಟಿ ಹಿಡದು ಫೋಟೋ ತೆಗೀರಿ, ಆ ಒಂದು ಫೋಟೋ ನೂರು ಮಾತಿಗಿ ಸಮ. ಆದ್ರ ಕೂಲರ್ ಕತಿ ಅಲ್ಲಿ ಹೇಳಬ್ಯಾಡ್ರಿ ಹಹ. ಹೇಳೋದಿದ್ರ ಪೂರಾ ಹೇಳ್ರಿ, ಮಣ್ಣು ತುಂಬಿದ್ದು ಅವನದು, ನೀರ ಹಾಕಿದ್ದು ನಿಮ್ಮದು.

ಹೊಂಟ ಮಾತಿಗಿ ಒಂದು ಸುದ್ದಿ, ಈ ದಾರ್ಯಾಗ ಬಂದವರು ನೋಡ್ಕೊಳ್ರಿ: ಏಪ್ರಿಲ್ ಮುಗಿಯೋದ್ರಾಗ ಆಸ್ತಿ ತೆರಿಗಿ ತುಂಬಿದ್ರ 5% ಬಿಡ್ತಾರ, ಮೇ ಜೂನ್ ಪೂರಾ ಕಟ್ಟಬೇಕು, ಜುಲೈಯಿಂದ ತಿಂಗಳಿಗಿ 2% ದಂಡ ಬೀಳ್ತದ. ನಮ್ಮ ವಿಭಾಗದಾಗ ಏಪ್ರಿಲ್ ಮೇ ಸರ್ಕಾರಿ ಆಫೀಸ್ ಮುಂಜಾನಿ 8ರಿಂದ ಮಧ್ಯಾಹ್ನ 1.30 ಅಷ್ಟೆ. ನಮ್ಮ ಓಣಿಯವರೊಬ್ಬರು ಊಟ ಮುಗಿಸಿ ಆರಾಮ ಮೂರಕ್ಕ ಹೋಗಿ ಕೀಲಿ ನೋಡಿ ಬಂದಾರ, ಪ್ರತಿ ವರ್ಷ ಹೋಗ್ತಾರ.

ನಿವೃತ್ತ_ಜೆಇ

ಶಾಬ್ಬಾಸ್ ತಮ್ಮಾ, ಅರ್ಧ ಕೆಲಸ ಮುಗೀತು. ಈಗ ಮಾಡಬೇಕಾದ್ದು ಕಾಯೋದು. ಆ ತೊಯ್ದ ಮೂಲಿ ನಿಧಾನ ಒಣಗಿ ಉಳದ ಮೂರರ ಜೋಡಿ ಬರಬೇಕು, ವಾರದಾಗ ಆಗೋದಲ್ಲ. ಗಾಜು ಒಡದಿದ್ದಕ್ಕ ಹೆದರಬ್ಯಾಡ್ರಿ, ನೀವು ಪೈಪ್ ತಿರುವಿದ ಮ್ಯಾಲೂ ಮಣ್ಣು ಸರೀತದ, ಈಗ ಉಲ್ಟಾ ಕಡಿ. ಇನ್ನೊಂದು ಗಾಜು ಹಚ್ರಿ. ಒಂದು ಪೂರಾ ಬ್ಯಾಸಗಿ, ಒಂದು ಪೂರಾ ಮಳಿಗಾಲ ನೋಡಿ ಆಮ್ಯಾಲ ಸೀಳಿಗಿ ಕೈ ಹಚ್ರಿ.

ಮಳಿ ಬರೋದರೊಳಗ ಮಾಡೋ ಕೆಲಸ ಒಂದೇ. ಮನಿ ಸುತ್ತ ಕಡಿಮಿ ಅಂದ್ರ ಮೂರೂವರಿ ಫೂಟ್ ಅಗಲ ಪಟ್ಟಿ. ಮ್ಯಾಲಿನ ಎರಿ ಒಂದು ಫೂಟ್ ತೆಗದು ಹೊರಗ ಹಾಕಸ್ರಿ, ಈ ಸಲ ಟ್ರ್ಯಾಕ್ಟರ್ ಹೋಗೋದು ನಿಂತು ನೋಡ್ರಿ. ಮೊರಂ ತುಂಬಿ ಧಮ್ಮಸ್ ಮಾಡಸಿ ಮ್ಯಾಲ ಶಹಾಬಾದ್ ಫರ್ಶಿ, ಸಂದಿಗಿ ಸಿಮೆಂಟ್. ಗ್ವಾಡಿ ಕಡಿ ಎತ್ತರ, ಹೊರಗಿನ ಕಡಿ ಒಂದೂವರಿ ಇಂಚ್ ತಗ್ಗು ಇರ್ಲಿ. ಫರ್ಶಿ ಗ್ವಾಡಿಗಿ ಕೂಡೋ ಸಂದೀನ ಬಿಗೀ ಸಿಮೆಂಟ್‌ಲೆ ಮುಚ್ಚಬ್ಯಾಡ್ರಿ, ಅಲ್ಲಿ ಡಾಂಬರ್ ಇಲ್ಲಾ ಸಿಲಿಕಾನ್ ಹಂಗ ಜಗ್ಗೋದು ತುಂಬ್ರಿ, ಇಲ್ಲಂದ್ರ ಮೊದಲನೇ ಮಳಿಗೇ ಅಲ್ಲೇ ಬಾಯಿ ಬಿಡ್ತದ. ಛತ್ತಿನ ನೀರಿನ ಪೈಪು ಈ ಪಟ್ಟಿ ದಾಟಿ ಬೀಳಬೇಕು. ಮಳಿಗಾಲದಾಗ ರೋಡಿನ ಗಟಾರ ತುಂಬಿ ನಿಮ್ಮ ಕಂಪೌಂಡ್ ಬುಡಕ್ಕ ನೀರ ನಿಂತ್ರ ಈ ಫರ್ಶಿ ಹಾಕಿದ್ದು ಹಾಕದಂಗ, ಅದನ್ನೂ ನೋಡ್ಕೊಳ್ರಿ.

ಮನಿ ಇನ್ನೂ ಕಟ್ಟಬೇಕಾದವರು ಇದನ್ನ ಓದ್ಲತ್ತಿದ್ರ, ಪ್ಲಾಟಿನ ಮಣ್ಣು ಲ್ಯಾಬಿಗಿ ಕೊಡ್ರಿ, ಕಲಬುರಗಿ ಪಿಡಿಎ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಾಗ ಕೇಳಿ ನೋಡ್ರಿ. ಲ್ಯಾಬಿನಾಗ ಮಾಡೋದೇನು ಅಂದ್ರ, ಒಣಗಿಸಿ ಜಾಳಸಿದ ಹತ್ತು ಹತ್ತು ಗ್ರಾಂ ಮಣ್ಣು ಎರಡು ಅಳತಿ ಕೊಳವ್ಯಾಗ ಹಾಕಿ, ಒಂದಕ್ಕ ನೀರು ಇನ್ನೊಂದಕ್ಕ ಚಿಮಣಿ ಎಣ್ಣಿ ತುಂಬಿ 24 ತಾಸು ಇಡ್ತಾರ. ಚಿಮಣಿ ಎಣ್ಣ್ಯಾಗ ಮಣ್ಣು ಉಬ್ಬಂಗಿಲ್ಲ, ನೀರಾಗ ಉಬ್ತದ. ಎಣ್ಣ್ಯಾಗ 10 ಮಿಲಿ ಕುಂತು ನೀರಾಗ 15 ಮಿಲಿ ಆಯ್ತಂದ್ರ 50% ಉಬ್ಬೋ ಮಣ್ಣು, ಅದಕ್ಕಿಂತ ಹೆಚ್ಚು ಬಂದ್ರ ಭಾಳ ಕೆಟ್ಟ ಮಣ್ಣು, ಸುಮ್ನ ಗೌಂಡಿ ಮಾತಿನ ಮ್ಯಾಲ ಪಾಯಾ ಹಾಕಬ್ಯಾಡ್ರಿ, ಪೈಲ್ ಬಗ್ಗೆ ಡಿಸೈನ್ ಮಾಡಸ್ರಿ. ಗೌಂಡಿ ಮಗ ಸಿಟ್ಟಾಗಬ್ಯಾಡ.

ಗೌಂಡಿ_ಮಗ

ಯಾಕ ಸಿಟ್ಟಾಗ್ಲಿ ಸಾಹೇಬ್ರ, ನಮ್ಮಪ್ಪನೂ ಪ್ಲಾಟಿನ ಮಣ್ಣು ಚೊಂಬಿನಾಗ ನೆನಸಿ ನೋಡ್ತಿದ್ದ, ಚಿಮಣಿ ಎಣ್ಣಿ ಮಾತ್ರ ಕಂದೀಲಿಗಿ ಇಟ್ಕೋತಿದ್ದ.

ಸೇಡಂರೋಡ್_ಮನಿ (ಜುಲೈ 19)

ಕೇಳಿದವರಿಗೆಲ್ಲಾ ಹೇಳ್ತೀನಿ, ಮನಿ ನಿಂತದ. ಫರ್ಶಿ ಪಟ್ಟಿ ಮೇ ಕೊನಿಗಿ ಮುಗೀತು, ಮೂರು ಕಡಿ ಅಷ್ಟೆ. ನಾಕನೇ ಕಡಿ ಬಾಜೂ ಮನಿ ಗ್ವಾಡಿ ಹತ್ತಿ ಅದ, ನಡುವಿನ ಗಲ್ಲ್ಯಾಗ ನಾ ಅಡ್ಡಾಗಿ ನಡದ್ರ ಹೋಗಬಹುದು, ಗೌಂಡಿ ಹೊಟ್ಟಿ ದಾಟ್ಲಿಲ್ಲ, ಅಲ್ಲಿ ಬರೀ ಮೊರಂ ಹಾಕಿ ತಾಡಪತ್ರಿ ಹಾಸೀವಿ. ಗಟಾರದ ಬಗ್ಗೆ ಜೆಇ ಸರ್ ಹೇಳಿದ್ದು ಖರೆ ಆಯ್ತು. ನಮ್ಮ ಲೇಔಟ್ ಇನ್ನೂ ಪಾಲಿಕಿಗಿ ಹಸ್ತಾಂತರ ಆಗಿಲ್ಲ, ಯಾರ್ನ ಕೇಳಿದ್ರೂ ಇನ್ನೊಬ್ಬರ ಕಡಿ ಬೊಟ್ಟು ಮಾಡ್ತಾರ. ಕೊನಿಗಿ ಓಣ್ಯಾಗಿನ ಹನ್ನೊಂದು ಮನಿ ಕೂಡಿ ರೊಕ್ಕ ಹಾಕಿ ಒಂದು ದಿನ ಜೆಸಿಬಿ ಕರಸಿ ಹಳ್ಳದ ತನಕ ನಾಲಾ ತೋಡಿಸಿದ್ವಿ. ಬಾಜೂ ಮನಿಯವರು ಪೈಲೇ ಕೊಡಲ್ಲ ಅಂದ್ರು, ನಮಗ ಸೀಳಿಲ್ಲ ಅಂತ. ಆಮ್ಯಾಲ ಅವರ ಮೆಟ್ಟಲ ಕೆಳಗ ಒಂದು ಗೆರಿ ಸಿಕ್ತು, ತಾವೇ ಬಂದು ಕೊಟ್ರು, ಭೂಕಂಪದ ಮಾತು ಆಡ್ಲಿಲ್ಲ.

ಸೀಳು ಜೂನ್ ಎರಡನೇ ವಾರದ ಮಳಿ ಆದ ಮ್ಯಾಲ ಮುಚ್ಕೋತ ಬಂತು. ಈಗ ಎಟಿಎಂ ಕಾರ್ಡ್ ಹೋಗಂಗಿಲ್ಲ, ಹಾಳಿ ಹೋಗ್ತದ. ಎರಡನೇ ಗಾಜು ಏಪ್ರಿಲ್ 9ಕ್ಕ ಹಚ್ಚಿದ್ದು, ಜೂನ್ 14ಕ್ಕ ಒಡದಿತ್ತು, ಮೂರನೇದು ಇನ್ನೂ ನಿಂತದ. ದೇವರ ಖೋಲಿ ಬಾಗಲ ತಾನೇ ಸರಿ ಆಯ್ತು, ಮಾವನವರು ಅದು ತಾವು ಹೇಳಿ ಮಾಡಿಸಿದ ಶಾಂತಿಯಿಂದ ಅಂತಾರ. ಇರ್ಲಿ ಬಿಡ್ರಿ, ಅಡಗಿ ಮನಿ ಒಡಿಯೋ ಮಾತು ಬಿಟ್ಟಾರಲ್ಲ ಸಾಕು.

ಪುಟ್ಟಿ ಹೊಡದಿಲ್ಲ. ಗ್ವಾಡಿ ಮ್ಯಾಲ ತಾರೀಖ್ ತಾರೀಖ್ ಪೆನ್ಸಿಲ್ ಗೆರಿ ನೋಡಿ ಬಂದವರು ಹುಡುಗನ ಎತ್ತರ ಅಳೀತೀರೇನು ಅಂತ ಕೇಳ್ತಾರ. ಜೆಇ ಸರ್, ಪಾರ್ಕಿಂಗ್ ಟೈಲ್ಸ್ ದೀಪಾವಳಿ ಮುಗದ ಮ್ಯಾಲ ಕೀಳಸ್ತೀನಿ, ಮೊರಂ ಎಷ್ಟು ಟಿಪ್ಪರ್ ಬೇಕಾಗ್ತದ ಅಂತ ಒಂದು ಲೆಕ್ಕ ಹೇಳ್ರಿ. ಹದಿನೈದು ಫೂಟ್ ಉದ್ದ, ಹತ್ತು ಅಗಲ, ಎರಡೂವರಿ ಆಳ.

ನಿವೃತ್ತ_ಜೆಇ

375 ಘನ ಫೂಟ್ ಆಯ್ತು. ಧಮ್ಮಸ್ ಮಾಡಿದ್ರ ಕುಗ್ತದ, ಅದಕ್ಕ ಕಾಲು ಭಾಗ ಹೆಚ್ಚಿಗಿ ಹಿಡದು 470 ತರಸ್ರಿ. ಟಿಪ್ಪರ್ ಲೆಕ್ಕದಾಗ ಮಾತಾಡಬ್ಯಾಡ್ರಿ, ಟಿಪ್ಪರ್ ಒಂದೊಂದು ಒಂದೊಂದು ಸೈಜ್, ಡಬ್ಬದ ಉದ್ದ ಅಗಲ ನೀವೇ ಟೇಪ್ ಹಿಡದು ಅಳೀರಿ. ಮತ್ತ ಖಾಲಿ ಮಾಡೋ ಮುಂದ ಒಂದು ಮುಷ್ಟಿ ಕೈಯಾಗ ಹಿಡದು ತೊಯ್ಸಿ ನೋಡ್ರಿ, ಬೆರಳಿಗಿ ಜಿಗಟು ಹತ್ತಿದ್ರ ವಾಪಸ್ ಕಳಸ್ರಿ, ಎರಿ ಬೆರಸ್ಯಾರ.